ಒಂದೇ ಗೆರೆ

ಆ ಬೀದಿಯಲ್ಲಿ ಸುಳ್ಳು ಸುದ್ದಿಗೆ ಆಯಸ್ಸು ಕಡಿಮೆ. ಹೆಚ್ಚೆಂದರೆ ಒಂದು ಲೋಟ ಕಾಫಿ ಆರುವಷ್ಟು ಹೊತ್ತು. ಅಷ್ಟರೊಳಗೆ ಅದು ಲ್ಯಾಬ್ ಅಕ್ಕನ ಕಣ್ಣಿಗೆ ಬೀಳುತ್ತಿತ್ತು. ಬಿದ್ದದ್ದೇ ತಡ, ಅದರ ಕೆಳಗೆ ಒಂದು ಪದ ಬರುತ್ತಿತ್ತು: "ತಪ್ಪು." ಪದದ ಕೊನೆಗೊಂದು ಚುಕ್ಕೆ. ಆ ಚುಕ್ಕೆಗೆ ಇಡೀ ಬೀದಿ ಹೆದರುತ್ತಿತ್ತು.

ಬೀದಿಯವರ ಮೊಬೈಲ್ ಗುಂಪು ಶುರುವಾದದ್ದು ನೀರಿನ ಪಂಪು ಕೆಟ್ಟರೆ ಒಬ್ಬರಿಗೊಬ್ಬರು ತಿಳಿಸಲಿಕ್ಕೆ. ಪಂಪು ಕೆಡುವುದು ವರ್ಷಕ್ಕೆ ಎರಡು ಸಲ, ಮಾತು ಮಾತ್ರ ದಿನವೂ ಬೇಕಲ್ಲ. ಬೆಕ್ಕು ಮೇಲೋ ನಾಯಿ ಮೇಲೋ, ಬಟ್ಟೆ ಒಗೆಯಲು ಬಿಸಿನೀರೋ ತಣ್ಣೀರೋ ಎಂದು ಅರವತ್ತು ಮನೆಯ ಜನ ಅಲ್ಲಿ ವಾದ ಮಾಡುತ್ತಿದ್ದರು. ಎಲ್ಲಿಂದಲೋ ಬಂದದ್ದನ್ನು ಓದದೆಯೇ ದಾಟಿಸುತ್ತಿದ್ದರು. ಬಾವಲಿಗೆ ಕಣ್ಣು ಕಾಣುವುದಿಲ್ಲ. ತಪ್ಪು. ಸಿಡಿಲು ಬಡಿದ ಜಾಗಕ್ಕೆ ಮತ್ತೆ ಬಡಿಯುವುದಿಲ್ಲ. ತಪ್ಪು. ಮನುಷ್ಯ ಮಿದುಳಿನ ಹತ್ತನೇ ಒಂದು ಪಾಲನ್ನು ಮಾತ್ರ ಬಳಸುತ್ತಾನೆ. "ತಪ್ಪು. ಕೆಲವರನ್ನು ನೋಡಿದರೆ ಹಾಗೆ ಅನಿಸುತ್ತದೆ, ಅಷ್ಟೆ."

ಮೂಲೆಯ ಬೇಕರಿಯಣ್ಣ ತನ್ನ ಅಂಗಡಿ ಮುಂದೆ "ಕಂದು ಬ್ರೆಡ್ ತಿಂದವರಿಗೆ ಸಕ್ಕರೆ ಕಾಯಿಲೆ ಇಲ್ಲ" ಎಂದು ಬೋರ್ಡು ಹಾಕಿ, ಅದರ ಫೋಟೋವನ್ನು ಗುಂಪಿಗೂ ಹಾಕಿದ್ದ. ಕೆಳಗೆ "ತಪ್ಪು." ಎಂದು ಬಂದ ಅರ್ಧ ಗಂಟೆಯಲ್ಲಿ ಬೋರ್ಡು ಒಳಗೆ ಹೋಯಿತು. ಈಗ ಅದರ ಹಿಂಬದಿಯ ಮೇಲೆ ಅವನು ಹಿಟ್ಟು ಒಣಗಿಸುತ್ತಾನೆ.

ಲ್ಯಾಬ್ ಅಕ್ಕ ದೊಡ್ಡಾಸ್ಪತ್ರೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ದುಡಿದು, ಕಡೆಯ ಒಂಬತ್ತು ವರ್ಷ ಅದರ ಮುಖ್ಯಸ್ಥೆಯಾಗಿದ್ದು ನಿವೃತ್ತಳಾದವಳು. ಅಲ್ಲಿ ಒಂದು ಕಟ್ಟಳೆ ಇತ್ತು. ರಿಜಿಸ್ಟರಿನಲ್ಲಿ ಏನಾದರೂ ತಪ್ಪು ಬರೆದರೆ ಅಳಿಸುವಂತಿಲ್ಲ, ಬಿಳಿ ಬಳಿಯುವಂತಿಲ್ಲ, ಗೀಚಿ ಮುಚ್ಚುವಂತಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗಿನ ಅಕ್ಷರ ಓದುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು. ಹೊಸದಾಗಿ ಸೇರಿದವರು ನಾಚಿಕೆಗೆ ಗೀಚಿ ಮುಚ್ಚಿದರೆ ಅವಳು ಆ ಪುಟವನ್ನು ಬೆಳಕಿಗೆ ಹಿಡಿದು, "ಏನ್ ಬಚ್ಚಿಟ್ಟಿದ್ದೀಯಮ್ಮಾ ಇಲ್ಲಿ? ಹೆಣಾನಾ?" ಎಂದು ಕೇಳುತ್ತಿದ್ದಳು. ಮನೆಯ ದಿನಸಿ ಚೀಟಿಗೂ ಈ ಕಟ್ಟಳೆ ಬಿಟ್ಟದ್ದಲ್ಲ. ಉದ್ದಿನ ಬೇಳೆಯ ಮೇಲೆ ಒಂದೇ ಗೆರೆ, ಪಕ್ಕದಲ್ಲಿ ಹೆಸರುಬೇಳೆ, ಕೆಳಗೆ ಸಹಿ. ತನ್ನ ಗಂಡ ತೀರಿದ ಮೇಲೆ ಅಕ್ಕನ ಜೊತೆಗೇ ಬಂದು ಇದ್ದ ತಂಗಿ ಪುಟ್ಟಿ, ವಯಸ್ಸು ಅರವತ್ತೆರಡಾದರೂ ಪುಟ್ಟಿಯೇ, ಚೀಟಿ ತೆಗೆದುಕೊಂಡು ಹೋಗುವಾಗ "ಅಂಗಡಿಯವನು ಸೀಲ್ ಹೊಡೆದು ಕೊಡ್ಬೇಕಾ ಅಕ್ಕ?" ಎನ್ನುತ್ತಿದ್ದಳು.

ಹೀಗೆ ಎಲ್ಲ ಸರಿಯಾಗಿದ್ದಾಗ ಬೀದಿಯ ಆ ತುದಿಗೆ ವಾಚ್ ರಿಪೇರಿ ಮಾಡುವವರೊಬ್ಬರು ಅಂಗಡಿ ಹಾಕಿದರು. ಅರವತ್ತರ ಆಸುಪಾಸಿನ ಸಣಕಲು ಮನುಷ್ಯ. ವಾರದೊಳಗೆ ಎಲ್ಲರಿಗೂ ವಾಚಣ್ಣ ಆದರು. ಎರಡನೇ ವಾರ ಗುಂಪಿಗೆ ಬಂದರು. ಮೂರನೇ ವಾರ ಲ್ಯಾಬ್ ಅಕ್ಕನ ಹೊಟ್ಟೆಯೊಳಗೆ ಕಿಡಿ ಬಿತ್ತು.

ಅವತ್ತು ಯಾರೋ ಮೀನಿನ ನೆನಪು ಮೂರೇ ಸೆಕೆಂಡು ಎಂದು ಹಾಕಿದ್ದರು. ಲ್ಯಾಬ್ ಅಕ್ಕ ಕನ್ನಡಕ ಹುಡುಕುತ್ತಿದ್ದಳು. ಹಾಕಿಕೊಂಡು ನೋಡುವಷ್ಟರಲ್ಲಿ ಕೆಳಗೆ ಉತ್ತರ ಬಂದಾಗಿತ್ತು.

"ನಾನೂ ಹಾಗೇ ಅಂದ್ಕೊಂಡಿದ್ದೆ. ಆಮೇಲೆ ನೋಡಿದ್ರೆ, ಮೀನಿಗೆ ಊಟ ಹಾಕೋ ಹೊತ್ತು ತಿಂಗಳುಗಟ್ಟಲೆ ನೆನಪಿರುತ್ತಂತೆ. ನಮ್ಮನೇಲಿ ನನಗೇ ಇರಲ್ಲ."

ಅದಕ್ಕೆ ಇಪ್ಪತ್ತಮೂರು ಹಾರ್ಟು ಬಂದವು. ಕೆಂಪು ಕೆಂಪು ಹಾರ್ಟು. ಲ್ಯಾಬ್ ಅಕ್ಕನ "ತಪ್ಪು."ಗೆ ಇಷ್ಟು ವರ್ಷದಲ್ಲಿ ಬಂದದ್ದು ಎತ್ತಿದ ಹೆಬ್ಬೆರಳು ಮಾತ್ರ, ಅದೂ ನಾಲ್ಕೋ ಐದೋ, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ.

"ಪುಟ್ಟಿ, ಈ ಹಾರ್ಟಲ್ಲಿ ನಿಂದೂ ಒಂದಿದೆ."

"ಹೌದು, ಹಾಕ್ದೆ. ಪಾಪ, ಎಷ್ಟು ಚೆನ್ನಾಗಿ ಹೇಳಿದಾರೆ ನೋಡು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ."

"ನಾನು ಹೇಳೋದು?"

ಪುಟ್ಟಿ ಸ್ವಲ್ಪ ಯೋಚಿಸಿದಳು. ಅವಳು ಸುಳ್ಳು ಹೇಳುವವಳಲ್ಲ, ಅದೇ ಅವಳ ತೊಂದರೆ. "ನೀನು ಹಲ್ಲು ಕಿತ್ತ ಹಾಗೆ ಅಕ್ಕ. ಆಮೇಲೆ ನೋವು ಹೋಗುತ್ತೆ, ಅದೇನೋ ನಿಜ."

ಅಂದಿನಿಂದ ಲ್ಯಾಬ್ ಅಕ್ಕ ವಾಚಣ್ಣನ ಮಾತುಗಳನ್ನು ಒಂದೊಂದಾಗಿ ಫೋಟೋ ಹಿಡಿದು ಇಟ್ಟುಕೊಳ್ಳತೊಡಗಿದಳು. ತಲೆ ಬೋಳಿಸಿದರೆ ಕೂದಲು ದಟ್ಟವಾಗಿ ಬರುತ್ತದೆ: ನಾನೂ ಹಾಗೇ ಅಂದ್ಕೊಂಡಿದ್ದೆ. ನೆಟಿಕೆ ಮುರಿದರೆ ಕೀಲು ಸವೆಯುತ್ತದೆ: ನಾನೂ ಹಾಗೇ ಅಂದ್ಕೊಂಡಿದ್ದೆ. ಎರೆಹುಳವನ್ನು ಎರಡು ತುಂಡು ಮಾಡಿದರೆ ಎರಡು ಹುಳವಾಗುತ್ತದೆ: ನಾನೂ ಹಾಗೇ ಅಂದ್ಕೊಂಡಿದ್ದೆ. ಒಂದು ವಾರದಲ್ಲಿ ಏಳು.

"ಏಳು ವಿಷಯದಲ್ಲಿ ಏಳೂ ತಪ್ಪು ತಿಳ್ಕೊಂಡಿದ್ದ ಮನುಷ್ಯ ಈ ವಯಸ್ಸಿನ ತನಕ ಬದುಕಿರೋದೇ ಹೆಚ್ಚು," ಎಂದಳು ಲ್ಯಾಬ್ ಅಕ್ಕ. "ನಾಟಕ ಇದು. ಬರೀ ನಾಟಕ."

"ನಾಟಕ ಆದ್ರೇನಕ್ಕ, ಯಾರಿಗೂ ನೋವಾಗಲ್ವಲ್ಲ."

"ಅವರು ಓದಿರೋದು ಎಂಟನೇ ಕ್ಲಾಸು. ಅವರೇ ಹೇಳ್ಕೊಂಡಿದಾರೆ. ಅದಕ್ಕೂ ಹಾರ್ಟು! ಕಡಿಮೆ ಓದಿದ್ದಕ್ಕೂ ಹಾರ್ಟು ಕೊಡೋ ಜನ ನಿಮ್ಮನ್ನೇ ನೋಡಿದ್ದು ನಾನು."

ರಕ್ತನಾಳದೊಳಗಿನ ರಕ್ತ ನೀಲಿ ಎಂದು ಯಾರೋ ಹಾಕಿದ ದಿನ ಅವಳ ಕಿಚ್ಚು ನೆತ್ತಿಗೇರಿತು. ರಕ್ತ! ಅವಳ ಸ್ವಂತ ರಾಜ್ಯ! ಮೂವತ್ತೊಂದು ವರ್ಷ ಸೂಜಿ ಚುಚ್ಚಿ ಕಡುಗೆಂಪು ರಕ್ತ ಎಳೆದ ಕೈ ಇಲ್ಲಿದೆ. ಅವಳು "ತಪ್ಪು. ರಕ್ತ ಯಾವಾಗಲೂ ಕೆಂಪು." ಎಂದು ಹಾಕಿದಳು. ಅದರ ಕೆಳಗೇ ವಾಚಣ್ಣ, "ಲ್ಯಾಬ್ ಅಕ್ಕ ಹೇಳಿದ್ದೇ ಸರಿ. ನಾನೂ ನೀಲಿ ಅಂದ್ಕೊಂಡೇ ನನ್ನ ಕೈ ನೋಡ್ಕೊಂಡು, ಇಂಗ್ಲಿಷಿನವರು ರಾಜರ ರಕ್ತ ನೀಲಿ ಅಂತಾರಲ್ಲ, ನಾನೂ ದೊಡ್ಡ ಮನೆತನದೋನು ಅಂತ ಖುಷಿಪಟ್ಟಿದ್ದೆ" ಎಂದು ಬರೆದರು. ಅವಳಿಗೆ ಆರು ಹೆಬ್ಬೆರಳು, ಅವರಿಗೆ ಮೂವತ್ತು ಹಾರ್ಟು. ಅವಳ ಮಾತನ್ನೇ ಹಿಡಿದು ಅವಳಿಗಿಂತ ಐದು ಪಟ್ಟು!

ಒಂದಲ್ಲ ಒಂದು ದಿನ ಅವರಿಗೆ ಎಲ್ಲರೂ ಹಾರ್ಟು ಹಾಕಿದ್ದರು, ಅವಳೊಬ್ಬಳನ್ನು ಬಿಟ್ಟು. ಅದೊಂದು ಅವಳ ಕೈಯಲ್ಲೇ ಇತ್ತು. ಬಿಗಿಯಾಗಿ ಹಿಡಿದುಕೊಂಡಿದ್ದಳು.

ಒಂದು ಮಧ್ಯಾಹ್ನ ಎದುರು ಸಾಲಿನ ಟೈಲರ್ ಹುಡುಗಿ ಗುಂಪಿನಲ್ಲಿ ಕೇಳಿದಳು. ಅವಳಿಗೆ ಆರು ವರ್ಷದ ಮಗಳು.

"ಮಗಳಿಗೆ ಇನ್ನೂ ಎಂಟು ದಿನ ಮಾತ್ರೆ ಕೊಡ್ಬೇಕು. ಅರ್ಧ ಮಾತ್ರೆ ಅಷ್ಟೇ, ಆದ್ರೆ ಕಹಿ ವಿಷ. ಬಾಯಿಗಿಟ್ರೆ ಉಗೀತಾಳೆ. ಯಾರಿಗಾದ್ರೂ ಉಪಾಯ ಗೊತ್ತಾ?"

ಮೂಗು ಹಿಡಿ ಎಂದರು ಒಬ್ಬರು. ಹೆದರಿಸು ಎಂದರು ಇನ್ನೊಬ್ಬರು. ಬೇಕರಿಯಣ್ಣ ಬನ್ನಿನೊಳಗೆ ಬಚ್ಚಿಡು ಎಂದ. ಅಷ್ಟರಲ್ಲಿ ಪರದೆಯ ಮೇಲ್ತುದಿಯಲ್ಲಿ "ವಾಚಣ್ಣ ಟೈಪ್ ಮಾಡುತ್ತಿದ್ದಾರೆ" ಎಂದು ಕಾಣಿಸಿತು.

ಲ್ಯಾಬ್ ಅಕ್ಕ ಎದ್ದೇ ಬಿಟ್ಟಳು. ಬಣ್ಣದ ಪೆನ್ಸಿಲ್ ಡಬ್ಬಿ ತೆಗೆದಳು, ಬಿಳಿ ಹಾಳೆ ತೆಗೆದಳು. ಒಂದು ನಾಲಿಗೆ ಬರೆದಳು. ತುದಿಗೆ ಗುಲಾಬಿ: ಸಿಹಿ. ಅಂಚಿಗೆ ಹಳದಿ: ಉಪ್ಪು. ಅದರ ಹಿಂದೆ ಹಸಿರು: ಹುಳಿ. ಗಂಟಲ ಹತ್ತಿರ ಕಡುನೀಲಿ: ಕಹಿ. ಇದೇ ಚಿತ್ರವನ್ನು ಅವಳು ಕಾಲೇಜಿನ ಕೊನೆಯ ಪರೀಕ್ಷೆಯಲ್ಲಿ ಬರೆದಿದ್ದಳು. ಹೊರಗಿನಿಂದ ಬಂದ ಪರೀಕ್ಷಕರು ಆ ಪುಟವನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದ್ದರು. ಬಾಣದ ಗುರುತು ಒಂದೂ ಸೊಟ್ಟಗಿರಲಿಲ್ಲ. ಇಂದೂ ಇರಲಿಲ್ಲ.

ಚಿತ್ರದ ಕೆಳಗೆ ಬರೆದಳು: "ಕಹಿ ನಾಲಿಗೆಯ ಹಿಂಭಾಗಕ್ಕೆ ಮಾತ್ರ ಗೊತ್ತಾಗುತ್ತದೆ. ಮಾತ್ರೆಯನ್ನು ತುದಿಯಲ್ಲಿಟ್ಟು ನೀರು ಕುಡಿಸು."

ಮೊದಲು ಟೈಲರ್ ಹುಡುಗಿಯ ಹಾರ್ಟು ಬಂತು. ಆಮೇಲೆ ಬೇಕರಿಯಣ್ಣನದು. ಆಮೇಲೆ ಮಳೆಹನಿಯ ಹಾಗೆ ಟಪಟಪ. ಸಂಜೆಯ ದೀಪ ಹಾಕುವಷ್ಟರಲ್ಲಿ ನಲವತ್ತೊಂದು. "ಅಕ್ಕ, ಇಷ್ಟೆಲ್ಲ ಬರೋವಾಗ ಇಷ್ಟು ದಿನ ಯಾಕೆ ಬಚ್ಚಿಟ್ಟಿದ್ರಿ!" ಎಂದು ಒಬ್ಬರು. "ಓದಿದವರು ಓದಿದವರೇ" ಎಂದು ಇನ್ನೊಬ್ಬರು. ಈ ಮಾತನ್ನು ಲ್ಯಾಬ್ ಅಕ್ಕ ಎರಡು ಸಲ ಓದಿದಳು. ವಾಚಣ್ಣನ ಹಾರ್ಟು ಮಾತ್ರ ಇರಲಿಲ್ಲ. ಅವರು ಟೈಪ್ ಮಾಡುತ್ತಿದ್ದದ್ದೂ ನಿಂತುಹೋಗಿತ್ತು.

"ಹೊಟ್ಟೆಕಿಚ್ಚು," ಎಂದಳು ಲ್ಯಾಬ್ ಅಕ್ಕ, ಬಹಳ ಸಂತೋಷದಿಂದ. "ನೋಡ್ದ್ಯಾ ಪುಟ್ಟಿ? ಒಂದು ಹಾರ್ಟು ಹಾಕೋಕೂ ಮನಸ್ಸು ಬರಲಿಲ್ಲ ಮನುಷ್ಯನಿಗೆ."

ಪುಟ್ಟಿ ಸಾರು ಬಡಿಸಿದಳು. ಅಕ್ಕ ಬಹಳ ದಿನಗಳ ಮೇಲೆ ಎರಡನೇ ಸಲ ಅನ್ನ ಹಾಕಿಸಿಕೊಂಡಿದ್ದಳು. ಅದನ್ನು ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ.

ಊಟದ ತಟ್ಟೆ ತೊಳೆದಿಟ್ಟು ಬರುವಾಗ ಮೊಬೈಲಿನಲ್ಲಿ ಇನ್ನೊಂದು ಸಂದೇಶ ಇತ್ತು. ಗುಂಪಿಗಲ್ಲ, ಅವಳೊಬ್ಬಳಿಗೆ.

"ಅಕ್ಕ, ಚಿತ್ರ ಎಷ್ಟು ನೀಟಾಗಿ ಬರೆದಿದ್ದೀರಿ, ನನ್ನ ಕೈ ಸಣ್ಣ ಕೆಲಸದ ಕೈ, ನನಗೇ ಹಾಗೆ ಬರಲ್ಲ. ನಾನೂ ಹಾಗೇ ಅಂದ್ಕೊಂಡಿದ್ದೆ. ಆದ್ರೆ ನಾಲಿಗೇಲಿ ಒಂದೊಂದು ರುಚಿಗೆ ಒಂದೊಂದು ಜಾಗ ಅಂತ ಇಲ್ವಂತೆ. ಎಲ್ಲ ರುಚಿನೂ ಎಲ್ಲ ಕಡೆ ಗೊತ್ತಾಗುತ್ತಂತೆ. ಹಳೇ ಪ್ರಯೋಗ ಒಂದನ್ನ ತಪ್ಪಾಗಿ ಓದಿ ಪುಸ್ತಕಕ್ಕೆ ಹಾಕಿಬಿಟ್ರಂತೆ. ನೀವೇ ಒಂದ್ಸಲ ನೋಡಿ. ಗುಂಪಲ್ಲಿ ನಾನೇನೂ ಹೇಳಲ್ಲ."

ಲ್ಯಾಬ್ ಅಕ್ಕ ಅದನ್ನು ಮೂರು ಸಲ ಓದಿದಳು. ಚಿತ್ರ ಹೊಗಳಿದ್ದು ಉರಿಯಿತು. "ನಾನೂ ಹಾಗೇ ಅಂದ್ಕೊಂಡಿದ್ದೆ" ಇನ್ನೂ ಉರಿಯಿತು. ಎಲ್ಲಕ್ಕಿಂತ ಹೆಚ್ಚು ಉರಿದದ್ದು ಕೊನೆಯ ಸಾಲು. ಗುಂಪಿನಲ್ಲಿ ಹೇಳುವುದಿಲ್ಲವಂತೆ! ಭಿಕ್ಷೆಯೇ ಇದು? ಬೆದರಿಕೆಯೇ?

"ನನಗೆ ಹೇಳ್ತಾರಂತೆ," ಎಂದಳು. "ನಾಳೆ ಬೆಳಿಗ್ಗೆ ನೋಡೇ ಬಿಡೋಣ. ಪುಟ್ಟಿ, ನಾಳೆ ತಿಂಡಿಗೆ ಮೊದಲು ನಿನ್ನ ನಾಲಿಗೆ ಬೇಕು."

"ನಾಲಿಗೆಗೆ ಎಲುಬಿಲ್ಲ, ಎತ್ತ ಬೇಕಾದ್ರೂ ತಿರುಗುತ್ತೆ. ತಗೋ," ಎಂದಳು ಪುಟ್ಟಿ.

ಬೆಳಿಗ್ಗೆ ಅಡುಗೆಮನೆಯ ಕಟ್ಟೆ ಮೇಲೆ ನಾಲ್ಕು ಬಟ್ಟಲು ಸಾಲಾಗಿ ನಿಂತವು. ಒಂದರಲ್ಲಿ ಸಕ್ಕರೆ ನೀರು, ಒಂದರಲ್ಲಿ ಉಪ್ಪು ನೀರು, ಒಂದರಲ್ಲಿ ನಿಂಬೆರಸ. ನಾಲ್ಕನೆಯದಕ್ಕೆ ಔಷಧಿ ಡಬ್ಬಿಯಿಂದ ಒಂದು ಹಳೆಯ ಜ್ವರದ ಮಾತ್ರೆ ತೆಗೆದು ಅದರ ಮೂಲೆಯಷ್ಟು ಪುಡಿ ಮಾಡಿ ಕದಡಿದಳು. ಪ್ರತಿ ಬಟ್ಟಲಿಗೂ ಚೀಟಿ ಅಂಟಿಸಿದಳು. ಕಡ್ಡಿಗೆ ಹತ್ತಿ ಸುತ್ತಿದಳು. ಪುಟ್ಟಿಯನ್ನು ಸ್ಟೂಲಿನ ಮೇಲೆ ಕೂರಿಸಿ ಟವೆಲ್ಲಿನಿಂದ ಕಣ್ಣು ಕಟ್ಟಿದಳು.

"ತುದಿ ಮಾತ್ರ ಹೊರಗೆ ಚಾಚು. ಒಳಗೆ ಎಳ್ಕೋಬೇಡ. ಏನನಿಸುತ್ತೋ ಬೆರಳಲ್ಲಿ ತೋರಿಸು. ಸಿಹಿಗೆ ಒಂದು, ಉಪ್ಪಿಗೆ ಎರಡು, ಹುಳಿಗೆ ಮೂರು, ಕಹಿಗೆ ನಾಲ್ಕು."

ಮೊದಲ ಕಡ್ಡಿಗೆ ಪುಟ್ಟಿ ಒಂದು ಬೆರಳು ಎತ್ತಿದಳು. ಎರಡನೆಯದಕ್ಕೆ ಎರಡು. ಲ್ಯಾಬ್ ಅಕ್ಕನ ಹುಬ್ಬು ಗಂಟಾಯಿತು. ಉಪ್ಪು ತುದಿಯಲ್ಲಿ ಗೊತ್ತಾಗಬಾರದಿತ್ತು. ಮೂರನೆಯ ಕಡ್ಡಿಗೆ ಮೂರು ಬೆರಳು, ಜೊತೆಗೆ ಒಂದು ಕಣ್ಣು ಕಿವುಚುವಿಕೆ, ಅದು ಟವೆಲ್ಲಿನ ಮೇಲಿಂದಲೂ ಕಾಣಿಸಿತು. ನಾಲ್ಕನೆಯ ಕಡ್ಡಿ ತುದಿಗೆ ತಾಕಿದ್ದೇ ಪುಟ್ಟಿ ಬೆರಳು ಗಿರಳು ಎಲ್ಲ ಮರೆತು ಎದ್ದು ನಿಂತಳು.

"ಥೂ! ಥೂ! ಏನಕ್ಕ ಇದು, ಕೊಲ್ತೀಯಾ! ನೀರು ಕೊಡೇ!"

"ಎಲ್ಲಿ ಕಹಿ? ಹಿಂದೆನಾ?"

"ಹಿಂದೇನು, ಮುಂದೇನು! ನೀನು ಇಟ್ಟಲ್ಲೇ! ತುದಿಗೇ!"

ಲ್ಯಾಬ್ ಅಕ್ಕ ಹೊಸ ಕಡ್ಡಿಗೆ ಹತ್ತಿ ಸುತ್ತಿ, ನಾಲ್ಕನೆಯ ಬಟ್ಟಲಿಗೆ ಅದ್ದಿ, ತನ್ನ ನಾಲಿಗೆಯ ತುದಿಗೆ ಮುಟ್ಟಿಸಿಕೊಂಡಳು. ತುದಿಗೇ ಕಹಿ. ಚಿತ್ರದಲ್ಲಿ ಗುಲಾಬಿ ಬಣ್ಣ ತುಂಬಿದ್ದ ಜಾಗದಲ್ಲೇ.

ಅವಳು ಸ್ಟೂಲಿನ ಮೇಲೆ ಕೂತಳು. ಪರೀಕ್ಷೆ ಮಾಡದೆ ಒಂದು ವರದಿಗೂ ಸಹಿ ಹಾಕದ ಹೆಂಗಸು ಅವಳು. ಈ ನಾಲಿಗೆಯ ಚಿತ್ರವನ್ನು ಮಾತ್ರ ಸ್ವಂತ ನಾಲಿಗೆಯನ್ನು ಒಂದು ಮಾತೂ ಕೇಳದೆ ನಲವತ್ತೈದು ವರ್ಷ ನಂಬಿದ್ದಳು. ಎಂಟನೇ ಕ್ಲಾಸಿನ ಮನುಷ್ಯನಿಗೆ ಗೊತ್ತಿತ್ತು.

ಪುಟ್ಟಿ ಬಾಯಿ ಮುಕ್ಕಳಿಸಲು ಬಚ್ಚಲಿಗೆ ಹೋಗಿದ್ದಳು. ಆ ಎರಡು ನಿಮಿಷದಲ್ಲಿ ಲ್ಯಾಬ್ ಅಕ್ಕ ಮೂವತ್ತೊಂದು ವರ್ಷ ಯಾರಿಗೂ ಮಾಡಲು ಬಿಡದ ಕೆಲಸ ಮಾಡಿದಳು. ಮೊಬೈಲ್ ತೆಗೆದು, ಚಿತ್ರವನ್ನು ಒತ್ತಿ ಹಿಡಿದು, ಯಾರಿಗೂ ಕಾಣದಂತೆ ಅಳಿಸಿಬಿಟ್ಟಳು. ನಲವತ್ತೊಂದು ಹಾರ್ಟೂ ಅದರ ಜೊತೆಗೇ ಹೋದವು. ಅಲ್ಲಿ ಉಳಿದದ್ದು ಒಂದು ಬೂದು ಸಾಲು: ಈ ಸಂದೇಶವನ್ನು ಅಳಿಸಲಾಗಿದೆ.

ಬೂದು ಸಾಲು ಅಷ್ಟು ಎದ್ದು ಕಾಣುತ್ತದೆಂದು ಅವಳು ಎಣಿಸಿರಲಿಲ್ಲ. ಬಾಯಿ ತುಂಬ ಹಲ್ಲಿನ ನಡುವೆ ಒಂದು ಬಿದ್ದ ಹಾಗೆ.

ಹತ್ತು ಗಂಟೆಗೆ ಬೇಕರಿಯಣ್ಣ ತನ್ನ ದಿನದ ಪಟ್ಟಿ ಹಾಕಿದ. ಅವನ ಪದ್ಧತಿ ಅದು. ಬೆಳಿಗ್ಗೆ ಎಲ್ಲ ತಿಂಡಿಯ ಹೆಸರು, ಆಮೇಲೆ ಖಾಲಿಯಾದದ್ದರ ಮೇಲೆ ಒಂದೊಂದೇ ಗೆರೆ ಎಳೆದು ಮತ್ತೆ ಮತ್ತೆ ಹಾಕುತ್ತಿದ್ದ. ಪಟ್ಟಿಯ ಕೆಳಗೆ ಕೇಳಿದ: "ಲ್ಯಾಬ್ ಅಕ್ಕ, ನಾಲಿಗೆ ಎಲ್ಲೋಯ್ತು? ನನ್ನ ಹೆಂಡತಿಗೆ ತೋರಿಸ್ಬೇಕಿತ್ತು. ಅವಳ ನಾಲಿಗೇಲಿ ಗುಲಾಬಿ ಜಾಗ ಎಲ್ಲಿದೆ ಅಂತ ಹುಡುಕ್ತಾ ಇದೀನಿ."

ಲ್ಯಾಬ್ ಅಕ್ಕ ವಾಚಣ್ಣನಿಗಾಗಿ ಪರದೆ ನೋಡಿದಳು. ಈಗ ಬರುತ್ತಾರೆ. ಈಗ ಹೇಳುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ಮೊಬೈಲನ್ನು ಸೆರಗಿನಲ್ಲಿ ಮುಚ್ಚಿ ಹಿಡಿದಳು.

ವಾಚಣ್ಣ ಬಂದರು. "ಈ ಮೊಬೈಲು ಹಾಗೇನೇ. ನಂದೂ ನೆನ್ನೆ ಕೈ ತಾಗಿ ಎರಡು ಫೋಟೋ ಹೋಯ್ತು," ಎಂದರು. ಇಪ್ಪತ್ತು ಜನ ನಗುವ ಮುಖ ಹಾಕಿದರು. ವಿಷಯ ಬೆಕ್ಕು ನಾಯಿಗೆ ಹೋಯಿತು.

ಅವರು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ತನಗಾಗಿ ಆ ಮನುಷ್ಯ ಸುಳ್ಳು ಹೇಳಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಅವಳು ತನ್ನ ಹಳೆಯ ಕೈಗಡಿಯಾರ ಹುಡುಕಿ ತೆಗೆದಳು. ಅದರ ಪಟ್ಟಿ ಸಡಿಲವಾಗಿ ಎರಡು ವರ್ಷವಾಗಿತ್ತು. ಚಪ್ಪಲಿ ಮೆಟ್ಟಿ ಬೀದಿಯ ಆ ತುದಿಗೆ ನಡೆದಳು.

ಅಂಗಡಿ ಎಂದರೆ ಒಂದು ಬಾಗಿಲಿನಷ್ಟು ಅಗಲ. ಗಾಜಿನ ಪೆಟ್ಟಿಗೆ, ಬಗ್ಗಿಸಿದ ದೀಪ, ದೀಪಕ್ಕೆ ಒರಗಿಸಿಟ್ಟ ಮೊಬೈಲು. ವಾಚಣ್ಣ ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಬ್ಬ ಲಾರಿ ಡ್ರೈವರನ ಗಡಿಯಾರ ನೋಡುತ್ತಿದ್ದರು.

"ಒಳಗೆ ಎಣ್ಣೆ ಒಣಗಿದೆ," ಎಂದರು. "ನಾಳಿದ್ದು ಬನ್ನಿ."

"ನಾನೇನೂ ಮಾಡಿಲ್ಲ, ತಾನೇ ನಿಂತೋಯ್ತು," ಎಂದ ಡ್ರೈವರ್.

"ಹಳೇದಲ್ವಾ, ಆಗುತ್ತೆ."

ಡ್ರೈವರ್ ನಿರಾಳವಾಗಿ ಹೋದ. ಲ್ಯಾಬ್ ಅಕ್ಕ ಬಗ್ಗಿ ನೋಡಿದಳು. "ಹಿಂದಿನ ಮುಚ್ಚಳದ ಮೇಲೆ ಚಾಕುವಿನ ಗೀರು ಇದೆಯಲ್ಲ. ಅವನೇ ತೆಗೆದು ಕೆಡಿಸಿದ್ದು. ನನ್ನ ಕಣ್ಣಿಗೇ ಕಾಣಿಸ್ತಿದೆ."

"ಎಣ್ಣೆನೂ ಒಣಗಿತ್ತು ಅಕ್ಕ, ಸುಳ್ಳಲ್ಲ. ಚಾಕುವಿನ ವಿಷಯ ನನಗಿಂತ ಅವನಿಗೇ ಚೆನ್ನಾಗಿ ಗೊತ್ತಲ್ಲ. ಕೂತ್ಕೊಳ್ಳಿ." ಅವರು ಎದ್ದು, ತಾವು ಕೂತಿದ್ದ ಸ್ಟೂಲನ್ನು ಬಟ್ಟೆಯಿಂದ ಒರೆಸಿ ಈಚೆಗೆ ಕೊಟ್ಟರು. ಇದ್ದದ್ದೇ ಅದೊಂದು. ತಾವು ನಿಂತುಕೊಂಡರು.

ಅವಳು ಗಡಿಯಾರ ಕೊಟ್ಟಳು. ಪಟ್ಟಿಗೆ ಇನ್ನೊಂದು ತೂತು ಬೇಕೆಂದಳು. ಆಮೇಲೆ, ಬಂದ ಕೆಲಸ ತಾನಾಗಿ ಬಾಯಿಗೆ ಬಂತು.

"ನಿಜ ಹೇಳಿ. ಅಷ್ಟೂ ವಿಷಯ ನೀವೂ ಹಾಗೇ ಅಂದ್ಕೊಂಡಿದ್ರಾ?"

ವಾಚಣ್ಣ ಭೂತಗನ್ನಡಿ ತೆಗೆದರು. ಮುಖದಲ್ಲಿ ಕಳ್ಳನಗು ಮೂಡಿತು. "ಎಲ್ಲ ಅಲ್ಲ. ಎರೆಹುಳದ್ದು ಸುಳ್ಳು. ಅದು ಮೊದಲೇ ಗೊತ್ತಿತ್ತು. ನಾಲಿಗೇದು ನಿಜ. ನನ್ನ ಮಗಳು ಆ ಚಿತ್ರ ಬಾಯಿಪಾಠ ಮಾಡೋವಾಗ ನಾನೇ ಕೂತು ಒಪ್ಪಿಸ್ಕೊಂಡಿದ್ದೆ. ಅವಳಿಗೆ ಬಾಣ ಸೊಟ್ಟ ಬಂತು ಅಂತ ಗದರಿದ್ದೆ ಕೂಡ." ಅವರು ಸಣ್ಣ ಉಳಿಯಿಂದ ಪಟ್ಟಿಗೆ ತೂತು ಕೊರೆಯತೊಡಗಿದರು. "ನೆನ್ನೆ ನಾನೂ ಅದನ್ನೇ ಬರೀತಿದ್ದೆ ಆ ಹುಡುಗಿಗೆ, ತುದಿಗಿಡು ಅಂತ. ಅಷ್ಟರಲ್ಲಿ ನಿಮ್ಮ ಚಿತ್ರ ಬಂತು. ಸರಿ, ಇನ್ನು ನನ್ನದೇನು ಅಂತ ನಿಲ್ಲಿಸ್ದೆ. ಆಮೇಲೆ ಸುಮ್ನೆ ಹುಡುಕಿ ನೋಡ್ದೆ. ನಿಮ್ಮ ಚಿತ್ರದಲ್ಲಿ ಏನಾದ್ರೂ ತಪ್ಪು ಸಿಗುತ್ತಾ ಅಂತ."

"ಏನಂದ್ರಿ?"

"ಹೊಟ್ಟೆಕಿಚ್ಚು ಅಕ್ಕ." ಅವರು ತಲೆಯೆತ್ತಲಿಲ್ಲ. "ನಲವತ್ತೊಂದು ಬಂದಿತ್ತಲ್ಲ. ಅಲ್ದೆ, ಹಾರ್ಟು ನನಗೆ ಹಾಕ್ತಾರೆ, ಮಾತು ನಿಮ್ಮದು ಕೇಳ್ತಾರೆ. ಅಂಗಡಿಗೆ ಜಾಗ ನೋಡೋಕೆ ಬಂದಾಗಲೇ ಬೇಕರಿಯವನಿಗೆ ಕಂದು ಬ್ರೆಡ್ಡು ಅಂದ್ರೆ ಬರೀ ಬಣ್ಣ ಹಾಕಿದ್ದೂ ಇರುತ್ತಪ್ಪಾ ಅಂತ ಅವನ ಅಂಗಡೀಲೇ ನಿಂತು ಹದಿನೈದು ನಿಮಿಷ ನಯವಾಗಿ ಹೇಳಿದ್ದೆ. ಟೀ ಕುಡಿಸ್ದ, ಬೋರ್ಡು ತೆಗೀಲಿಲ್ಲ. ನೀವು ಒಂದು ಪದ ಹಾಕಿದ್ರಂತೆ, ತೆಗೆದ. ಗುಂಪಲ್ಲಿ ಎಲ್ಲರ ಹಾರ್ಟೂ ಬರುತ್ತೆ ನನಗೆ, ನಿಮ್ಮದೊಂದು ಬಂದಿಲ್ಲ. ನೋಡ್ತಾನೇ ಇದೀನಿ."

ಲ್ಯಾಬ್ ಅಕ್ಕನಿಗೆ ಒಳಗೆ ಏನೋ ತಂಪಾಯಿತು. ಅದು ಅಷ್ಟೇನೂ ಒಳ್ಳೆಯ ತಂಪಲ್ಲ ಎಂದು ಅವಳಿಗೂ ಗೊತ್ತಿತ್ತು. ಒಬ್ಬರು ತನ್ನನ್ನು ನೋಡಿ ಕರುಬಿದರು ಎಂಬ ತಂಪು ಅದು. ಅನುಭವಿಸಲು ಅರ್ಧ ನಿಮಿಷ ಸಿಕ್ಕಿತು.

ದೀಪಕ್ಕೆ ಒರಗಿದ್ದ ಮೊಬೈಲೂ ಅವಳ ಕೈಚೀಲದೊಳಗಿನ ಮೊಬೈಲೂ ಒಟ್ಟಿಗೇ ಸದ್ದು ಮಾಡಿದವು. ಗುಂಪಿನಲ್ಲಿ ಟೈಲರ್ ಹುಡುಗಿ.

"ಲ್ಯಾಬ್ ಅಕ್ಕ, ನಿಮ್ಮ ಚಿತ್ರ ಹೋಗಿಬಿಟ್ಟಿದೆ, ಇನ್ನೊಂದ್ಸಲ ಹಾಕ್ತೀರಾ? ನೆನ್ನೆ ಸಂಜೆ ಇವತ್ತು ಬೆಳಿಗ್ಗೆ ಎರಡೂ ಸಲ ತುದಿಗೇ ಇಟ್ಟೆ, ಎರಡೂ ಸಲ ಉಗಿದ್ಲು. ಈಗ ನನ್ನ ಕೈ ಕಂಡ್ರೇ ಬಾಯಿ ಮುಚ್ಕೋತಾಳೆ. ನಾನೇ ಸರಿಯಾಗಿ ಇಡ್ತಿಲ್ಲ ಅನ್ಸುತ್ತೆ. ಅಷ್ಟು ಓದಿದೋರು ಚಿತ್ರ ಬರೆದು ಕೊಟ್ರೂ ನಿಂಗೆ ಬರಲ್ವಲ್ಲ ಅಂತ ಅತ್ತೆನೂ ಅಂದ್ರು."

ವಾಚಣ್ಣ ಓದಿದರು. ಲ್ಯಾಬ್ ಅಕ್ಕ ಅವರ ಕೈಯನ್ನೇ ನೋಡಿದಳು. ಈಗ ಆ ಕೈ ಮೊಬೈಲಿಗೆ ಹೋಗುತ್ತದೆ. ನಾನೂ ಹಾಗೇ ಅಂದ್ಕೊಂಡಿದ್ದೆ ಎಂದು ಶುರುವಾಗುತ್ತದೆ. ಐವತ್ತು ಹಾರ್ಟು ಬೀಳುತ್ತವೆ.

ಕೈ ಮೊಬೈಲಿಗೇ ಹೋಯಿತು. ಅದನ್ನು ಎತ್ತಿ ಗಾಜಿನ ಮೇಲೆ ಬೋರಲು ಹಾಕಿತು.

"ನೀವೇ ನೋಡ್ಕೊಳ್ಳಿ ಅಕ್ಕ. ನನಗೆ ತೂತು ಕೊರೆಯೋದಿದೆ," ಎಂದು ಅವರು ಭೂತಗನ್ನಡಿಯನ್ನು ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡರು. ಪಟ್ಟಿಯ ತೂತಿಗೆ ಭೂತಗನ್ನಡಿ ಏಕೆ ಬೇಕು? ಅವರಿಗೆ ಅವಳ ಮುಖ ಕಾಣಬಾರದಿತ್ತು, ಅಷ್ಟೆ.

ಲ್ಯಾಬ್ ಅಕ್ಕ ಬೂದು ಸಾಲನ್ನು ನೋಡಿದಳು. ಅದರ ಹಿಂದೆ ಬಚ್ಚಿಟ್ಟದ್ದು ಈಗ ಇನ್ನೊಬ್ಬಳ ತಲೆಯ ಮೇಲೆ ಕೂತಿತ್ತು. ಬಟ್ಟೆ ಹೊಲಿಯುವ ಕೈ ಅದು, ಸೂಜಿಗೆ ದಾರ ಪೋಣಿಸುವ ಕೈ. ಮಾತ್ರೆ ಇಡಲು ಬರುವುದಿಲ್ಲವೇ ಅದಕ್ಕೆ? ಲ್ಯಾಬ್ ಅಕ್ಕ ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ವಾಚಣ್ಣ ಹೇಳುವುದಿಲ್ಲ, ಅದು ಖಾತ್ರಿ. ಹೇಳಿದರೆ ಇನ್ನು ಅವಳ ಚುಕ್ಕೆಗೆ ಯಾರು ಹೆದರುತ್ತಾರೆ? "ತಪ್ಪು." ಎಂದಾಗಲೆಲ್ಲ ಬೇಕರಿಯಣ್ಣ ನಾಲಿಗೆ ಚಾಚಿದ ಮುಖ ಹಾಕುತ್ತಾನೆ. ಬೋರ್ಡು ಮತ್ತೆ ಹೊರಗೆ ಬರುತ್ತದೆ.

ಏನ್ ಬಚ್ಚಿಟ್ಟಿದ್ದೀಯಮ್ಮಾ ಇಲ್ಲಿ? ಎಷ್ಟು ಜನ ಹುಡುಗಿಯರನ್ನು ಕೇಳಿದ್ದಳು ಇದನ್ನು, ಪುಟ ಬೆಳಕಿಗೆ ಹಿಡಿದು!

"ಬೇಕರಿಯವನು ಖಾಲಿಯಾದ ತಿಂಡಿ ಮೇಲೆ ಗೆರೆ ಎಳೀತಾನಲ್ಲ," ಎಂದಳು. "ಅದು ಹೇಗೆ ಮಾಡೋದು?"

ವಾಚಣ್ಣ ಉಳಿ ಕೆಳಗಿಟ್ಟು ತೋರಿಸಿದರು. ಮಾತಿನ ಹಿಂದೊಂದು ಮುಂದೊಂದು ಅಲೆಯಂಥ ಗುರುತು ಹಾಕಬೇಕು, ಗೆರೆ ತಾನಾಗಿ ಬೀಳುತ್ತದೆ. ಅವಳು ನಿಧಾನವಾಗಿ, ಒಂದು ಬೆರಳಿನಲ್ಲಿ ಬರೆದಳು.

~ಕಹಿ ನಾಲಿಗೆಯ ಹಿಂಭಾಗಕ್ಕೆ ಮಾತ್ರ ಗೊತ್ತಾಗುತ್ತದೆ. ಮಾತ್ರೆಯನ್ನು ತುದಿಯಲ್ಲಿಟ್ಟು ನೀರು ಕುಡಿಸು.~

"ಮೇಲಿನದು ತಪ್ಪು. ನಾನೇ ಬರೆದದ್ದು, ನಾನೇ ಅಳಿಸಿದ್ದೆ. ಅಳಿಸಬಾರದಿತ್ತು. ಕಹಿ ತುದಿಗೂ ಗೊತ್ತಾಗುತ್ತದೆ. ಇವತ್ತು ಬೆಳಿಗ್ಗೆ ನನ್ನ ಮತ್ತು ತಂಗಿಯ ನಾಲಿಗೆ ಮೇಲೆ ಪರೀಕ್ಷೆ ಮಾಡಿ ನೋಡಿದ್ದೇನೆ. ಮಗಳು ಉಗಿದದ್ದು ಸಹಜ, ತಾಯಿಯ ಕೈಯಲ್ಲಿ ದೋಷವಿಲ್ಲ. ಔಷಧಿ ಅಂಗಡಿಯವರನ್ನು ಕೇಳು: ಆ ಮಾತ್ರೆಯನ್ನು ಪುಡಿ ಮಾಡಿ ಸಿಹಿಯಾದ ಯಾವುದರಲ್ಲಾದರೂ ಕೊಡಬಹುದೇ, ಅಥವಾ ಅದೇ ಔಷಧಿ ಸಿರಪ್ಪಿನಲ್ಲಿ ಸಿಗುತ್ತದೆಯೇ ಎಂದು. ಕೇಳದೆ ಪುಡಿ ಮಾಡಬೇಡ. ಈ ಮಾತನ್ನು ನಿನ್ನ ಅತ್ತೆಗೆ ಓದಿ ಹೇಳು."

ಕೆಳಗೆ ಸಹಿ: ಲ್ಯಾಬ್ ಅಕ್ಕ. ಅದರ ಕೆಳಗೆ ತಾರೀಖು.

ಒತ್ತಿಬಿಟ್ಟಳು.

ಮೊದಲು ಬಂದವಳು ಟೈಲರ್ ಹುಡುಗಿ. "ಹಾಗಾದ್ರೆ ನಂದಲ್ವಾ ಅಕ್ಕ ತಪ್ಪು?"

"ನಿಂದಲ್ಲ. ನಂದು."

"ಅತ್ತೆಗೆ ಓದಿದೆ ಅಕ್ಕ. ಏನೂ ಅನ್ನಲಿಲ್ಲ. ಎದ್ದು ಹೋಗಿ ನನಗೆ ಟೀ ಇಟ್ರು."

ಆಮೇಲೆ ಹಾರ್ಟು ಬರತೊಡಗಿದವು. ಐದು, ಒಂಬತ್ತು, ಹದಿನಾಲ್ಕು. ಹತ್ತೊಂಬತ್ತಕ್ಕೆ ನಿಂತಿತು. ಬೇಕರಿಯಣ್ಣ ನಾಲಿಗೆ ಚಾಚಿದ ಮುಖ ಹಾಕಿಯೇ ಹಾಕಿದ. ವಾಚಣ್ಣ ಬೋರಲು ಹಾಕಿದ್ದ ಮೊಬೈಲನ್ನು ಎತ್ತಿ, ಕೆಳಗೆ ಒಂದು ಸಾಲು ಬರೆದರು: "ನಾನೂ ಹಾಗೇ ಅಂದ್ಕೊಂಡಿದ್ದೆ. ಇದು ಮಾತ್ರ ದೇವರಾಣೆ ನಿಜ."

ಅದಕ್ಕೆ ಇಪ್ಪತ್ತಾರು.

ಲ್ಯಾಬ್ ಅಕ್ಕ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ಇಪ್ಪತ್ತಾರೇ. ಹಳೆಯ ಉರಿ ಅದರ ಜಾಗದಲ್ಲೇ ಇತ್ತು, ಎಲ್ಲೂ ಹೋಗಿರಲಿಲ್ಲ.

"ಕೊಡಿ ವಾಚು," ಎಂದಳು. "ತೂತು ದೊಡ್ಡದಾಯ್ತು."

"ಸರಿಯಾಗಿದೆ ಅಕ್ಕ."

"ದೊಡ್ಡದಾಯ್ತು," ಎಂದು ಅವಳು ಅದನ್ನೇ ಕಟ್ಟಿಕೊಂಡು ಮನೆಗೆ ಬಂದಳು. ಕೈಗೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು.

ಎರಡು ದಿನ ಲ್ಯಾಬ್ ಅಕ್ಕ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಮೂರನೇ ದಿನ ಮಧ್ಯಾಹ್ನ ಬೇಕರಿಯಣ್ಣ ಎಲ್ಲಿಂದಲೋ ಬಂದದ್ದನ್ನು ದಾಟಿಸಿದ: ಹಾಲು ಕುಡಿದ ಮೇಲೆ ಬಾಳೆಹಣ್ಣು ತಿಂದರೆ ವಿಷವಾಗುತ್ತದೆ, ಹತ್ತು ಜನಕ್ಕೆ ಕಳಿಸಿ ಜೀವ ಉಳಿಸಿ. ಲ್ಯಾಬ್ ಅಕ್ಕನ ಬೆರಳು ತಾನಾಗಿ "ತ" ಎಂದು ಒತ್ತಿತು. ಅಲ್ಲೇ ನಿಂತಿತು. ನಾಲಿಗೆ ಚಾಚಿದ ಮುಖ ನೆನಪಾಯಿತು.

ಅಷ್ಟರಲ್ಲಿ ವಾಚಣ್ಣನ ಸಂದೇಶ ಬಂತು. ಒಂದೇ ಪದ. "ತಪ್ಪು." ಕೊನೆಗೊಂದು ಚುಕ್ಕೆ.

"ಪುಟ್ಟಿ!" ಲ್ಯಾಬ್ ಅಕ್ಕ ಕೂಗಿದ ಕೂಗಿಗೆ ಪುಟ್ಟಿ ಸೌಟು ಹಿಡಿದುಕೊಂಡೇ ಓಡಿ ಬಂದಳು. "ನನ್ನ ಮಾತು ಕದ್ದಿದಾರೆ! ಚುಕ್ಕೆ ಸಮೇತ!"

ಇಬ್ಬರೂ ನೋಡುತ್ತ ನಿಂತರು. ಒಂದು ಹಾರ್ಟೂ ಬರಲಿಲ್ಲ. ಒಂದು ಹೆಬ್ಬೆರಳೂ ಬರಲಿಲ್ಲ. ಸ್ವಲ್ಪ ಹೊತ್ತಿಗೆ ಬೇಕರಿಯಣ್ಣ ಬರೆದ: "ಇರಲಿ ವಾಚಣ್ಣ, ಲ್ಯಾಬ್ ಅಕ್ಕ ಬರಲಿ. ಅವರೇನಂತಾರೋ ನೋಡೋಣ." ಟೈಲರ್ ಹುಡುಗಿಯೂ ಬರೆದಳು: "ಹೌದು, ಅಕ್ಕ ಹೇಳಲಿ. ತಪ್ಪಾದ್ರೆ ತಪ್ಪು ಅಂತ ಅವರೇ ಗೆರೆ ಎಳೀತಾರೆ."

ಲ್ಯಾಬ್ ಅಕ್ಕ ಈ ಕೊನೆಯ ಸಾಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೊಬೈಲ್ ಮೇಜಿನ ಮೇಲಿಟ್ಟು, ಕಾಫಿ ಬೆರೆಸಿಕೊಂಡು ಬಂದು, ಆರಾಮವಾಗಿ ಕುಡಿದಳು. ಇಡೀ ಬೀದಿ ಕಾಯಲಿ. ವಾಚಣ್ಣನೂ ಕಾಯಲಿ. ಲೋಟ ಖಾಲಿಯಾದ ಮೇಲೆ ಬರೆದಳು: "ಅವರು ಹೇಳಿದ್ದು ಸರಿ. ನಾನು ಈಗ ತಾನೆ ಹಾಲು ಹಾಕಿದ ಕಾಫಿ ಕುಡಿದೆ, ಬಾಳೆಹಣ್ಣು ತಿನ್ನಲಿದ್ದೇನೆ. ಸಂಜೆ ಬದುಕಿದ್ದರೆ ತಿಳಿಸುತ್ತೇನೆ."

ಹಾರ್ಟು ಟಪಟಪ ಬೀಳತೊಡಗಿದವು. ಅವಳು ಎಣಿಸುವ ಮೊದಲು ಮೇಲಕ್ಕೆ ಸರಿಸಿ, ವಾಚಣ್ಣನ ಆ ಒಂಟಿ ಪದವನ್ನು ಒತ್ತಿ ಹಿಡಿದು, ಅದಕ್ಕೊಂದು ಕೆಂಪು ಹಾರ್ಟು ಹಾಕಿದಳು. ಅದು ಅಲ್ಲಿ ಒಂದೇ ಒಂದು ಕೂತಿತ್ತು.

ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ ಪುಟ್ಟಿಯ ಕಣ್ಣು ದೊಡ್ಡದಾಯಿತು. "ಅಕ್ಕಾ! ಕೈ ತಾಗಿಹೋಯ್ತಾ?"

"ತಾಗಲಿಲ್ಲ, ಒತ್ತಿದೆ," ಎಂದಳು ಲ್ಯಾಬ್ ಅಕ್ಕ. "ಬೇಕಾದ್ರೆ ತಾರೀಖು ಬರ್ಕೋ."